ಚಳಿ ಹಿಂದೆಗೆದು ಬಿಸಿಲು ಮುಂದಾಗುವಾಗ: ಬೆಟ್ಟದ ವಿಹಾರವೂ ಬೆಟ್ಟದ ಅರಿವೂ

ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡಿಹೋಗುವುದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ಊರಿನ ಜಗಲಿಯ ಮೇಲೆ ಕುಳಿತು ಕೇಳುವುದು ಬೇರೆ. ಸಹ್ಯಾದ್ರಿಯ ಒಂದು ಶಿಖರದ ಮೇಲೆ ನಿಂತು ಕಣ್ಣಾರೆ ಕಾಣುವುದು ಬೇರೆ. ಮಾಘ ಕಳೆದು ಫಾಲ್ಗುಣವು ಕಾಲಿಡುವ ಹೊತ್ತಿಗೆ ಮುಂಜಾನೆ ಹಲ್ಲು ಕಡಿಯುವಂಥ ಚಳಿ, ನಡುಹಗಲಿನಲ್ಲಿ ನೆತ್ತಿ ಸುಡುವ ಬಿಸಿಲು, ಎರಡೂ ಒಂದೇ ದಿನದಲ್ಲಿ ಅಲ್ಲಿ ಅನುಭವಕ್ಕೆ ಬರುತ್ತವೆ. ಎರಡು ಋತುಗಳು ಒಂದನ್ನೊಂದು ಸಂಧಿಸುವ ಈ ಕಾಲದಲ್ಲಿ ಬೆಟ್ಟ ಹತ್ತಬೇಕೇ, ಬೇಡವೇ ಎಂಬ ವಿಷಯವಾಗಿ ನಮ್ಮ ವಿದ್ಯಾರ್ಥಿ ಮಿತ್ರರೊಡನೆ ನಾಲ್ಕು ಮಾತುಗಳನ್ನು ಆಡಬೇಕೆಂದು ನಮಗೆ ಬಹು ದಿನಗಳಿಂದ ಅನ್ನಿಸುತ್ತಿದೆ.

"ಬೆಟ್ಟವನ್ನು ನೋಡಬೇಕಾದರೆ ಮಳೆಗಾಲ ಮುಗಿದ ಕೂಡಲೇ ನೋಡಬೇಕು, ಫೆಬ್ರವರಿ ಮಾರ್ಚಿಯಲ್ಲಿ ಅಲ್ಲಿ ಏನಿದೆ? ಒಣಹುಲ್ಲು, ಬೋಳು ಮರ" ಎನ್ನುವವರು ಅನೇಕರಿದ್ದಾರೆ. ಹಸುರನ್ನು ಮಾತ್ರವೇ ಚೆಲುವೆಂದು ತಿಳಿದವರ ಮಾತು ಇದು. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಪ್ರಕೃತಿಯು ತನ್ನ ಕೆಲಸವನ್ನು ಮುಚ್ಚುಮರೆಯಿಲ್ಲದೆ ತೋರಿಸುವ ಕಾಲ ಇದೇ. ಮಂಜು, ಗಾಳಿ, ಬಿಸಿಲು, ಎಲೆ, ಹೂ, ಜೇನು, ಇವೆಲ್ಲವೂ ಬದಲಾಗುವುದನ್ನು ಎರಡು ಮೂರು ದಿನಗಳಲ್ಲಿ ಹೀಗೆ ಒಟ್ಟಾಗಿ ನೋಡುವುದು ವರ್ಷದ ಬೇರೆ ಯಾವ ಕಾಲದಲ್ಲಿಯೂ ಸುಲಭವಲ್ಲ. ಆದರೆ ಇದೇ ಕಾಲವು ಬೆಟ್ಟಕ್ಕೆ ಅತ್ಯಂತ ಅಪಾಯದ ಕಾಲವೂ ಆಗಿದೆ. ಸಂತೋಷ ಮತ್ತು ಅಪಾಯ ಎರಡಕ್ಕೂ ಕಾರಣ ಒಂದೇ ಎಂಬುದನ್ನು ತಿಳಿಯದೆ ಬೆಟ್ಟಕ್ಕೆ ಹೋಗುವುದು ಸರಿಯಲ್ಲವೆಂಬುದೇ ನಮ್ಮ ವಾದದ ತಿರುಳು.

ಮೊದಲು ಸಂತೋಷದ ವಿಷಯವನ್ನೇ ನೋಡೋಣ.

ಬಯಲಿನಿಂದ ಬೆಟ್ಟಕ್ಕೆ ಏರಿದಂತೆಲ್ಲ ಗಾಳಿ ತಣ್ಣಗಾಗುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಸರಾಸರಿಯಾಗಿ 1,000 ಮೀಟರ್ ಏರಿದರೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಆದರೆ ಫೆಬ್ರವರಿ ತಿಂಗಳ ನಿರ್ಮಲವಾದ ರಾತ್ರಿಯಲ್ಲಿ ಈ ನಿಯಮವೇ ತಲೆಕೆಳಗಾಗುವುದುಂಟು. ಮೋಡವಿಲ್ಲದ ಆಕಾಶದ ಕೆಳಗೆ ನೆಲವು ಹಗಲೆಲ್ಲ ಪಡೆದ ಶಾಖವನ್ನು ರಾತ್ರಿಯಲ್ಲಿ ಬೇಗ ಬೇಗ ಕಳೆದುಕೊಳ್ಳುತ್ತದೆ. ನೆಲಕ್ಕೆ ತಗುಲಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಗಾಳಿಯು ನೀರಿನಂತೆಯೇ ಇಳಿಜಾರಿನ ಮೇಲೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಆಗ ಕಣಿವೆಯ ತಳದಲ್ಲಿ ಚಳಿ ಹೆಚ್ಚು, ಬೆಟ್ಟದ ನಡುವಿನಲ್ಲಿ ಚಳಿ ಕಡಮೆ. ಕಣಿವೆಯ ತಣ್ಣನೆಯ ಗಾಳಿಯಲ್ಲಿರುವ ನೀರಾವಿಯು ಮಂಜಾಗುತ್ತದೆ. ಮೇಲಿನ ಬೆಚ್ಚನೆಯ ಗಾಳಿಯು ಅದನ್ನು ಮುಚ್ಚಳದಂತೆ ಒತ್ತಿ ಹಿಡಿಯುತ್ತದೆ. ಸೂರ್ಯೋದಯದ ಸಮಯದಲ್ಲಿ ಮುಳ್ಳಯ್ಯನಗಿರಿಯ ಮೇಲೆಯೋ ನಂದಿ ಬೆಟ್ಟದ ಮೇಲೆಯೋ ನಿಂತವರಿಗೆ ಕೆಳಗೆ ಹಾಲಿನ ಕಡಲಿನಂತೆ ಕಾಣಬರುವ ದೃಶ್ಯದ ಗುಟ್ಟು ಇದೇ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತದೆ; ಮಂಜು ಕರಗುತ್ತದೆ; ಗಾಳಿಯು ಈಗ ಕಣಿವೆಯಿಂದ ಮೇಲಕ್ಕೆ ಬೀಸತೊಡಗುತ್ತದೆ.

ಇದನ್ನು ಪುಸ್ತಕದಲ್ಲಿ ಓದಿ ನಂಬಬೇಕಾಗಿಲ್ಲ. ಎರಡು ಸಾಧಾರಣ ಉಷ್ಣಮಾಪಕಗಳಿದ್ದರೆ ಸಾಕು. ನಂದಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಅದರ ಬುಡವು ಸುಮಾರು 900 ಮೀಟರ್ ಎತ್ತರದಲ್ಲಿದೆ. ಒಬ್ಬ ಗೆಳೆಯನು ಬುಡದಲ್ಲಿ, ಇನ್ನೊಬ್ಬನು ತುದಿಯಲ್ಲಿ ನೆರಳಿನಲ್ಲಿ ನಿಂತು, ಬೆಟ್ಟದ ಬಾಗಿಲು ತೆರೆದ ಗಳಿಗೆಯಿಂದ ಮಧ್ಯಾಹ್ನದವರೆಗೆ ಗಂಟೆಗೊಮ್ಮೆ ಉಷ್ಣತೆಯನ್ನು ಬರೆದಿಡಲಿ. ಮಧ್ಯಾಹ್ನದಲ್ಲಿ ತುದಿಯು ಬುಡಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪಾಗಿರಬೇಕು. ಮುಂಜಾನೆಯ ಲೆಕ್ಕ ಹಾಗೆಯೇ ಇರುವುದೇ, ಇಲ್ಲವೇ ಎಂಬುದನ್ನು ಅವರೇ ಕಂಡುಕೊಳ್ಳಲಿ. ಒಂದು ಬೆಳಗಿನ ವಿಹಾರದಲ್ಲಿ ವಾಯುಮಂಡಲದ ಒಂದು ಅಧ್ಯಾಯವೇ ಮನದಟ್ಟಾಗುತ್ತದೆ.

ಬಿಸಿಲಿನ ಲೆಕ್ಕವೂ ಇಷ್ಟೇ ಸ್ವಾರಸ್ಯಕರವಾದುದು. ಚಿಕ್ಕಮಗಳೂರಿನ ಸುತ್ತಿನ ಗಿರಿಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ನಡುಹಗಲಿನ ಸೂರ್ಯನು ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ. ಮಾರ್ಚಿ 21ರ ಸುಮಾರಿಗೆ ಆ ಕೋನ 77 ಡಿಗ್ರಿಯಷ್ಟಾಗುತ್ತದೆ. ತ್ರಿಕೋನಮಿತಿಯನ್ನು ಓದಿದ ಹುಡುಗನು ಈ ಎರಡು ಕೋನಗಳ ಸೈನುಗಳನ್ನು ತೆಗೆದು ನೋಡಿದರೆ, ಸಮತಲವಾದ ನೆಲಕ್ಕೆ ಆ ಗಳಿಗೆಯಲ್ಲಿ ಬೀಳುವ ಬಿಸಿಲು ಮೂರು ತಿಂಗಳಲ್ಲಿ ಐದರಲ್ಲೊಂದು ಪಾಲಿನಷ್ಟು ಹೆಚ್ಚಿರುವುದು ತಿಳಿದುಬರುತ್ತದೆ. ಆದರೆ ಬೆಟ್ಟವು ಸಮತಲವಲ್ಲ. ಉತ್ತರಕ್ಕೆ ಮುಖ ಮಾಡಿದ 30 ಡಿಗ್ರಿಯ ಇಳಿಜಾರನ್ನು ತೆಗೆದುಕೊಂಡರೆ, ಡಿಸೆಂಬರಿನಲ್ಲಿ ಅದಕ್ಕೆ ದಕ್ಷಿಣದ ಇಳಿಜಾರಿನ ಅರ್ಧದಷ್ಟು ಬಿಸಿಲೂ ದೊರೆಯುವುದಿಲ್ಲ. ಮಾರ್ಚಿಯಲ್ಲಿಯಾದರೋ ಮುಕ್ಕಾಲು ಪಾಲು ದೊರೆಯುತ್ತದೆ. ಚಳಿಗಾಲವೆಲ್ಲ ತೇವವಾಗಿದ್ದ ಉತ್ತರದ ಮಗ್ಗುಲು ಕೆಲವೇ ವಾರಗಳಲ್ಲಿ ಒಣಗಿಹೋಗುವುದಕ್ಕೆ ಇದೊಂದು ಕಾರಣ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಇನ್ನು ಮರಗಿಡಗಳು. ಯೂರೋಪಿನ ಮರಗಳು ಚಳಿಗೆ ಹೆದರಿ ಎಲೆಯುದುರಿಸಿದರೆ, ನಮ್ಮ ಎಲೆಯುದುರುವ ಕಾಡಿನ ಮರಗಳು ನೀರಿನ ಅಭಾವಕ್ಕೆ ಹೆದರಿ ಉದುರಿಸುತ್ತವೆ. ಎಲೆಯ ತೊಟ್ಟಿನ ಬುಡದಲ್ಲಿ ತೆಳುವಾದ ಬೇರ್ಪಡೆಯ ಪದರವೊಂದು ಬೆಳೆದು ಎಲೆಯು ತಾನಾಗಿ ಕಳಚಿಕೊಳ್ಳುತ್ತದೆ. ಗಾಯವಾಗದಂತೆ ಮರವು ಮೊದಲೇ ಆ ಜಾಗವನ್ನು ಮುಚ್ಚಿಕೊಂಡಿರುತ್ತದೆ. ಆಶ್ಚರ್ಯವೆಂದರೆ, ಇನ್ನೂ ಒಂದು ಹನಿ ಮಳೆ ಬೀಳದಿರುವಾಗಲೇ ಇವುಗಳಲ್ಲಿ ಅನೇಕ ಮರಗಳು ಚಿಗುರತೊಡಗುತ್ತವೆ. ಆಳಕ್ಕಿಳಿದ ಬೇರು ಮತ್ತು ಕಾಂಡದಲ್ಲಿ ಉಳಿದಿರುವ ನೀರು ಇದಕ್ಕೆ ಸಾಕಾಗುತ್ತದೆ. ಮಳೆಯೊಡನೆ ಹುಟ್ಟಿ ಬರುವ ಹುಳುಗಳ ದಂಡು ದಾಳಿಯಿಡುವ ಮೊದಲೇ ಎಲೆಯನ್ನು ಬಲಿಸಿಕೊಳ್ಳುವ ಉಪಾಯವಿದೆಂದು ಸಸ್ಯಶಾಸ್ತ್ರಜ್ಞರು ಊಹಿಸುತ್ತಾರೆ. ಎಳೆಯ ಚಿಗುರಿಗೆ ಕೆಂಪು ಬಣ್ಣವನ್ನು ಕೊಡುವ ಆಂಥೊಸಯನಿನ್ ಎಂಬ ದ್ರವ್ಯವು, ಇನ್ನೂ ಬಲಿಯದ ಎಲೆಯನ್ನು ಪ್ರಖರವಾದ ಬಿಸಿಲಿನಿಂದ ಕಾಪಾಡುತ್ತದೆಂಬ ಅಭಿಪ್ರಾಯವೂ ಇದೆ. ಮಾವಿನ ಚಿಗುರು, ಅರಳಿಯ ಚಿಗುರು, ನಾಗಸಂಪಿಗೆಯ ಚಿಗುರು, ಇವುಗಳ ಕೆಂಪನ್ನು ಹೋಲಿಸಿ ನೋಡುವುದೇ ಒಂದು ಹಬ್ಬ.

ಬೋಳು ಕೊಂಬೆಯ ಮೇಲೆ ಬೆಂಕಿಯಂತೆ ಅರಳುವ ಮುತ್ತುಗ ಮತ್ತು ಬೂರುಗಗಳನ್ನು ಕಾಣದವರು ವಸಂತವನ್ನು ಕಂಡವರೇ ಅಲ್ಲ. ಎಲೆಯ ಮರೆಯಿಲ್ಲದ ಕಾರಣ ಆ ಹೂಗಳು ಹಕ್ಕಿಗಳಿಗೆ ದೂರದಿಂದಲೇ ಕಾಣುತ್ತವೆ. ಮಕರಂದಕ್ಕಾಗಿ ಬರುವ ಮೈನಾ, ಪಿಕಳಾರ, ಗಿಳಿ, ಕಾಜಾಣಗಳ ಗದ್ದಲವನ್ನು ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿದರೆ ಸಾಕು, ಹೂವಿಗೂ ಹಕ್ಕಿಗೂ ಇರುವ ಕೊಡುಕೊಳುವಿಕೆ ಅರ್ಥವಾಗುತ್ತದೆ. ಬೆಟ್ಟದ ಸೆರಗಿನ ಕಾಫಿಯ ತೋಟಗಳಲ್ಲಿ ಇನ್ನೊಂದು ವಿಸ್ಮಯ. ಕಾಫಿಯ ಮೊಗ್ಗುಗಳು ಒಂದು ಗಾತ್ರಕ್ಕೆ ಬೆಳೆದು, ಬೆಳವಣಿಗೆಯನ್ನು ನಿಲ್ಲಿಸಿ, ಮಳೆಗಾಗಿ ಕಾದು ಕುಳಿತಿರುತ್ತವೆ. ಫೆಬ್ರವರಿಯಿಂದ ಏಪ್ರಿಲಿನೊಳಗೆ ಎಂದಾದರೂ ಒಂದು ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ಮಲ್ಲಿಗೆಯಂಥ ಪರಿಮಳವನ್ನು ಬೀರುತ್ತದೆ.

ಇಷ್ಟೆಲ್ಲ ಇರುವಾಗ, ಪರೀಕ್ಷೆಯ ಭಯದಿಂದಲೋ ಬಿಸಿಲಿನ ಭಯದಿಂದಲೋ ಬೆಟ್ಟದ ಕಡೆಗೆ ತಲೆಯೆತ್ತಿಯೂ ನೋಡದಿರುವುದು ನಷ್ಟವಲ್ಲವೆ?

ಈಗ ಅಪಾಯದ ಮಾತಿಗೆ ಬರೋಣ.

2018ನೆಯ ಇಸವಿ ಮಾರ್ಚಿ 11ರಂದು, ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ, ವಿಹಾರಕ್ಕೆಂದು ಹೋಗಿದ್ದ ತರುಣ ತರುಣಿಯರ ತಂಡವು ಕಾಡುಬೆಂಕಿಗೆ ಸಿಕ್ಕಿ, ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದೂ ನಮ್ಮ ಪಶ್ಚಿಮ ಘಟ್ಟಗಳ ಸಾಲೇ, ಇದೇ ಋತುವೇ, ಅಂಥದೇ ಹುಲ್ಲಿನ ಇಳಿಜಾರೇ. ಮರುವರ್ಷ, ಎಂದರೆ 2019ರ ಫೆಬ್ರವರಿಯಲ್ಲಿ, ನಮ್ಮ ಬಂಡೀಪುರದ ಕಾಡು ದಿನಗಟ್ಟಲೆ ಉರಿದು ಸಾವಿರಾರು ಎಕರೆ ಬೂದಿಯಾಯಿತು.

ಬೆಟ್ಟದ ಬೆಂಕಿಯು ಬಯಲಿನ ಬೆಂಕಿಯಂಥದಲ್ಲ. ಇಳಿಜಾರಿನಲ್ಲಿ ಮೇಲಕ್ಕೇರುವ ಜ್ವಾಲೆಯು ಮುಂದಿನ ಹುಲ್ಲಿಗೆ ಹತ್ತಿರವಾಗಿ ಬಾಗಿರುತ್ತದೆ. ಅದರ ಶಾಖವೂ ಅದರಿಂದೇಳುವ ಬಿಸಿಗಾಳಿಯೂ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತವೆ. ಕಿಡಿ ತಾಗುವುದೇ ತಡ, ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗವು ಸುಮಾರು ಇಮ್ಮಡಿಯಾಗುವುದೆಂಬುದು ಕಾಡುಬೆಂಕಿಯನ್ನು ಎದುರಿಸುವವರ ರೂಢಿಯ ಲೆಕ್ಕ. ಈ ಲೆಕ್ಕದಂತೆ 30 ಡಿಗ್ರಿಯ ಇಳಿಜಾರಿನಲ್ಲಿ ಅದು ಬಯಲಿನ ಎಂಟರಷ್ಟು ವೇಗದಲ್ಲಿ ಏರುತ್ತದೆ. ಏದುಸಿರು ಬಿಡುತ್ತ ಮೇಲಕ್ಕೆ ಓಡುವ ಮನುಷ್ಯನು ಅದನ್ನು ಮೀರಿಸಲಾರನು. ಇದರ ಜೊತೆಗೆ, ಹಾಲಿನ ಕಡಲನ್ನು ಕರಗಿಸಿದ ಆ ಹಗಲಿನ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತಲೇ ಇರುತ್ತದೆ. ಚಳಿಗಾಲದಲ್ಲಿ ತೇವವಿದ್ದ ಉತ್ತರದ ಮಗ್ಗುಲೂ ಈ ವೇಳೆಗೆ ಒಣಗಿರುತ್ತದೆ. ಮುಂಜಾನೆ ನಮಗೆ ಆನಂದವನ್ನು ಕೊಟ್ಟ ಕಾರಣಗಳೇ ನಡುಹಗಲಿನಲ್ಲಿ ಬೆಂಕಿಗೆ ರೆಕ್ಕೆ ಕಟ್ಟುತ್ತವೆ. ಸಂತೋಷಕ್ಕೂ ಅಪಾಯಕ್ಕೂ ಕಾರಣ ಒಂದೇ ಎಂದು ಮೊದಲಿಗೆ ನಾವು ಹೇಳಿದುದು ಇದನ್ನೇ.

ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬೀಳುವುದೆಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ಆದರೆ ನಮ್ಮ ಕಾಡುಗಳಲ್ಲಿ ಹೊತ್ತುವ ಬೆಂಕಿಯಲ್ಲಿ ಬಹುಪಾಲು ಮನುಷ್ಯನು ಬೇಕೆಂದೋ ಬೇಡವೆಂದೋ ಹಚ್ಚಿದ್ದೇ ಆಗಿರುತ್ತದೆ. ಎಸೆದ ಬೀಡಿ ಸಿಗರೇಟಿನ ತುಂಡು, ಆರಿಸದೆ ಬಿಟ್ಟ ಅಡುಗೆಯ ಒಲೆ, ಗೆಳೆಯರ ಕೂಟದಲ್ಲಿ ಚಳಿಗೆಂದು ಹೊತ್ತಿಸಿದ ಕಟ್ಟಿಗೆ, ಇವುಗಳಲ್ಲಿ ಯಾವುದಾದರೊಂದು ಸಾಕು. ಹುಲ್ಲು ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ, ನಷ್ಟವೇನು ಎನ್ನುವವರಿದ್ದಾರೆ. ಹುಲ್ಲು ಚಿಗುರುವುದು ನಿಜ. ಅದರ ಜೀವ ನೆಲದೊಳಗಿದೆ. ನೀಲಗಿರಿಯ ಜವುಗುಮಣ್ಣಿನಲ್ಲಿ ಉಳಿದುಬಂದ ಇಂಗಾಲವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಇಂಥ ಗಿರಿಗಳ ಹುಲ್ಲುಗಾವಲು ಸುಮಾರು 20,000 ವರ್ಷಗಳಷ್ಟು ಹಳೆಯದೆಂದು 1993ರಲ್ಲಿ ತೋರಿಸಿಕೊಟ್ಟರು. ಆದರೆ ಆ ಹುಲ್ಲಿನ ಮಗ್ಗುಲಲ್ಲಿಯೇ, ಮಡಿಕೆಗಳಲ್ಲಿ ಅಡಗಿ, ತೊರೆಗಳಿಗೆ ತಾಯಿಯಂತಿರುವ ಶೋಲಾ ಕಾಡಿನ ಅಂಚಿನ ಸಸಿಗಳು ಹಾಗಲ್ಲ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ತೆವಳುವ ಪ್ರಾಣಿ, ಇವುಗಳಿಗೆ ಮತ್ತೆ ಚಿಗುರುವ ವರವಿಲ್ಲ.

ಬೆಂಕಿಯೊಂದೇ ಅಲ್ಲದೆ ಈ ಋತುವಿಗೆ ವಿಶೇಷವಾದ ಇನ್ನೆರಡು ಎಚ್ಚರಿಕೆಗಳಿವೆ. 1957ರಲ್ಲಿ ಅಂದಿನ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗುಗಳ ಮೂಲಕ ಹರಡುವಂಥದು. ಉಣುಗಿನ ಮರಿಗಳು ತರಗೆಲೆಯ ಮೇಲೆ ಹೆಚ್ಚಾಗಿ ಹರಿದಾಡುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆದುದರಿಂದ ಮಲೆನಾಡಿನ ಕಾಡಿನಲ್ಲಿ ನಡೆಯುವವರು ಕೈಕಾಲು ಮುಚ್ಚುವ ಬಟ್ಟೆ ತೊಡಬೇಕು. ತರಗೆಲೆಯ ಮೇಲೆ ಮಲಗಬಾರದು. ಹಿಂದಿರುಗಿದೊಡನೆ ಮೈಯನ್ನು ಪರೀಕ್ಷಿಸಿ, ಬಿಸಿನೀರಿನಲ್ಲಿ ಮಿಂದು, ಬಟ್ಟೆಯನ್ನು ಒಗೆಯಬೇಕು. ಮಂಗಗಳು ಸತ್ತಿರುವ ಸುದ್ದಿಯಿದ್ದ ಕಡೆಗೆ ಹೋಗಲೇಬಾರದು. ಎರಡನೆಯದು ಹೆಜ್ಜೇನು. ಹೂವಿನ ಕಾಲವಾದುದರಿಂದ ಕಡಿದಾದ ಬಂಡೆಗಳ ಮೇಲೆ ಹುಟ್ಟುಗಳು ತುಂಬಿರುತ್ತವೆ. ಹೊಗೆ, ಗದ್ದಲ, ಕಲ್ಲೆಸೆತ, ಉಗ್ರವಾದ ಸುಗಂಧ, ಇವು ಹೆಜ್ಜೇನನ್ನು ಕೆರಳಿಸುತ್ತವೆ. ಹುಟ್ಟು ಕಂಡಲ್ಲಿ ಸದ್ದಿಲ್ಲದೆ ಸುತ್ತು ಬಳಸಿ ಹೋಗುವುದೇ ಜಾಣತನ.

ಇಷ್ಟನ್ನು ಕೇಳಿದ ತಂದೆತಾಯಿಗಳೂ ಉಪಾಧ್ಯಾಯರೂ "ಹಾಗಾದರೆ ಬೆಟ್ಟವೇ ಬೇಡ" ಎಂದುಬಿಡಬಹುದು. ನಾವು ಆಕ್ಷೇಪಿಸುವುದು ಈ ತೀರ್ಮಾನವನ್ನೇ. ಇಂದು ನಮ್ಮ ನಡುವೆ ಎರಡು ಅತಿರೇಕಗಳು ಕಾಣಬರುತ್ತವೆ. ಒಂದು, ಏನನ್ನೂ ತಿಳಿಯದೆ ಗುಂಪು ಗುಂಪಾಗಿ ನುಗ್ಗುವುದು. 2024ರ ಜನವರಿಯ ಕೊನೆಯ ವಾರದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ನೆರೆದು, ಆ ಇಕ್ಕಟ್ಟಾದ ಕಾಲುದಾರಿಯು ಜಾತ್ರೆಯ ಬೀದಿಯಂತಾಯಿತು. ಅದರ ಬೆನ್ನಿಗೇ, ಮುಂಗಡ ನೋಂದಣಿಯ ಏರ್ಪಾಡಿಲ್ಲದ ದಾರಿಗಳಲ್ಲಿ ಚಾರಣವನ್ನು ಸರ್ಕಾರವು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಇನ್ನೊಂದು, ಜವಾಬ್ದಾರಿಗೆ ಹೆದರಿ ಮಕ್ಕಳನ್ನು ಹೊರಗೇ ಕಳುಹಿಸದಿರುವುದು. ಮೊದಲನೆಯದರಿಂದ ಬೆಟ್ಟ ಕೆಡುತ್ತದೆ. ಎರಡನೆಯದರಿಂದ ಬೆಟ್ಟವನ್ನು ಕಾಯುವ ಮನಸ್ಸೇ ಹುಟ್ಟದೆ ಹೋಗುತ್ತದೆ. ಕಾಣದ ವಸ್ತುವನ್ನು ಪ್ರೀತಿಸುವುದು ಹೇಗೆ? ಪ್ರೀತಿಸದ ವಸ್ತುವನ್ನು ಕಾಪಾಡುವುದು ಹೇಗೆ? ಪಶ್ಚಿಮ ಘಟ್ಟಗಳನ್ನು 2012ರಲ್ಲಿ ಜಗತ್ತಿನ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದ್ದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಹೆಮ್ಮೆಯು ಭೂಗೋಳದ ಪುಸ್ತಕದ ಒಂದು ಸಾಲಾಗಿ ಉಳಿದರೆ ಪ್ರಯೋಜನವೇನು?

ಆದುದರಿಂದ ನಮ್ಮ ಸಲಹೆ ಹೀಗಿದೆ. ಬೆಂಕಿಯ ಭಯದಿಂದ ಅರಣ್ಯ ಇಲಾಖೆಯು ಒಂದು ದಾರಿಯನ್ನು ಮುಚ್ಚಿದ್ದರೆ ಅದನ್ನು ಗೊಣಗದೆ ಒಪ್ಪಿಕೊಳ್ಳಬೇಕು. ಕಳ್ಳದಾರಿಯಲ್ಲಿ ನುಸುಳುವುದನ್ನು ಸಾಹಸವೆಂದು ಕರೆಯಬಾರದು. ಆ ತಿಂಗಳುಗಳಲ್ಲಿ ತೆರೆದಿರುವ ಬೆಟ್ಟಗಳಿಗೆ, ನಂದಿಗೋ ಶಿವಗಂಗೆಗೋ ಮಧುಗಿರಿಗೋ, ಬೆಳಗಿನ ಹೊತ್ತಿನಲ್ಲಿ ಹೋಗಿ ಬಿಸಿಲೇರುವ ಮೊದಲೇ ಇಳಿದು ಬರಬಹುದು. ಅನುಮತಿ ಇರುವ ಕಾಡಿಗೆ ಹೋಗುವಾಗ ದಾರಿ ಬಲ್ಲ ಸ್ಥಳೀಕನೊಬ್ಬನು ಜೊತೆಗಿರಬೇಕು. ತಂಡ ಚಿಕ್ಕದಾಗಿರಲಿ. ಬೆಂಕಿಪೊಟ್ಟಣವು ಮನೆಯಲ್ಲಿಯೇ ಉಳಿಯಲಿ. ಬುತ್ತಿಯ ಗಂಟು ಇರುವಾಗ ಒಲೆಯ ಅಗತ್ಯವೇನು? ತೊಡುವುದು ಹತ್ತಿಯ ಬಟ್ಟೆಯಾಗಿರಲಿ, ಏಕೆಂದರೆ ನೈಲಾನಿನಂಥ ಬಟ್ಟೆಗಳು ಶಾಖಕ್ಕೆ ಕರಗಿ ಮೈಗೆ ಅಂಟಿಕೊಳ್ಳುತ್ತವೆ. ನೀರನ್ನು ಬೇಕೆನ್ನಿಸುವ ಮೊದಲೇ ಕುಡಿಯಬೇಕು. ಒಣಗಾಳಿಯಲ್ಲಿ ಬೆವರು ಕಾಣದೆಯೇ ಆರಿಹೋಗುವುದರಿಂದ ದೇಹವು ಬತ್ತುತ್ತಿರುವುದು ಗೊತ್ತಾಗುವುದಿಲ್ಲ. ದೂರದಲ್ಲಿ ಹೊಗೆ ಕಂಡರೆ ಅದು ಯಾವ ಕಡೆಗೆ ಸರಿಯುತ್ತಿದೆಯೆಂದು ನೋಡಿ ಕೂಡಲೇ ಹಿಂದಿರುಗಬೇಕು. ಅಕಸ್ಮಾತ್ ಬೆಂಕಿ ಹತ್ತಿರ ಬಂದರೆ ಎಂದಿಗೂ ಮೇಲಕ್ಕೆ ಓಡಬಾರದು, ಇಕ್ಕಟ್ಟಾದ ಕೊರಕಲಿನೊಳಗೆ ಹೊಗಬಾರದು. ಅಡ್ಡಕ್ಕೆ ಸರಿದು ಬಂಡೆಯನ್ನೋ, ತೊರೆಯನ್ನೋ, ಇಲಾಖೆಯವರು ಕಡಿದಿಟ್ಟ ಬೆಂಕಿ ರೇಖೆಯನ್ನೋ, ಆಗಲೇ ಸುಟ್ಟು ಆರಿದ ನೆಲವನ್ನೋ ಸೇರಬೇಕು.

ಪ್ರೌಢಶಾಲೆ ಮತ್ತು ಕಾಲೇಜುಗಳಿಗೂ ಒಂದು ಮಾತು. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹತ್ತು ಊರು ತೋರಿಸುವ ಪ್ರವಾಸಕ್ಕೆ ಬದಲಾಗಿ, ಒಂದೇ ಬೆಟ್ಟಕ್ಕೆ ಮೂರು ಋತುಗಳಲ್ಲಿ ಮೂರು ಸಲ ಕರೆದೊಯ್ಯಲಿ. ಹೊರಡುವ ಮುಂಚೆ ಬೆಂಕಿಯ ಸ್ವಭಾವ, ಗಾಳಿಯ ದಿಕ್ಕು, ನಕ್ಷೆಯ ಓದು, ಪ್ರಥಮ ಚಿಕಿತ್ಸೆ, ಇವುಗಳ ಮೇಲೆ ಎರಡು ಪಾಠಗಳಾಗಲಿ. ಬೆಂಕಿ ರೇಖೆಯನ್ನು ಕಡಿಯುವ ಅರಣ್ಯದ ಕಾವಲುಗಾರನನ್ನು ತರಗತಿಗೆ ಕರೆದು ಅವನ ಅನುಭವವನ್ನು ಕೇಳಲಿ. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಮನಸ್ಸಿರುವ ಒಬ್ಬ ಉಪಾಧ್ಯಾಯರಿದ್ದರೆ ಸಾಕು.

ಕುರಂಗಣಿಯ ಬೆಟ್ಟವನ್ನು ಹತ್ತಿದ ಆ ತರುಣರೂ ನಮ್ಮ ಓದುಗರಂತೆಯೇ ಉತ್ಸಾಹಿಗಳಾಗಿದ್ದರು. ಅವರ ಉತ್ಸಾಹದಲ್ಲಿ ತಪ್ಪೇನೂ ಇರಲಿಲ್ಲ. ಆ ಇಳಿಜಾರು ಆ ತಿಂಗಳಿನಲ್ಲಿ ಹೇಗೆ ವರ್ತಿಸುವುದೆಂಬ ಅರಿವನ್ನು ಉತ್ಸಾಹದ ಜೊತೆಗೆ ಕಟ್ಟಿಕೊಡುವುದು ಹಿರಿಯರಾದ ನಮ್ಮೆಲ್ಲರ ಹೊಣೆ. ಈ ಸಲ ಮುತ್ತುಗ ಅರಳುವ ಹೊತ್ತಿಗೆ ನಮ್ಮ ವಿದ್ಯಾರ್ಥಿ ಮಿತ್ರರು ಒಂದು ಉಷ್ಣಮಾಪಕ, ಒಂದು ಟಿಪ್ಪಣಿ ಪುಸ್ತಕ ಮತ್ತು ಎರಡು ಸೀಸೆ ನೀರಿನೊಡನೆ ಬೆಟ್ಟಕ್ಕೆ ಹೊರಡಲಿ. ಕಂಡುದನ್ನು ಬರೆದುಕೊಂಡು, ತಂದುದನ್ನೆಲ್ಲ ಮರಳಿ ತೆಗೆದುಕೊಂಡು, ಕ್ಷೇಮವಾಗಿ ಮನೆಗೆ ಬರಲಿ.